ಪುಟ್ಟ ರೈಲಿನ ಲೆಕ್ಕ

ಹವ್ಯಾಸಕ್ಕೆಂದು ಮಾದರಿ ರೈಲು ಕೊಳ್ಳುವ ನಮ್ಮವರಿಗೆ ಒಂದು ಕೊರಗುಂಟು. ಹುಬ್ಬಳ್ಳಿಯ ಬ್ರಾಡ್‌ಗೇಜ್ ಹಳಿಗಳ ನಡುವಿನ ಅಂತರ 1676 ಮಿಲಿಮೀಟರು. 87ರಲ್ಲಿ ಒಂದು ಪಾಲಿಗೆ ಇಳಿಸಿದರೆ ಅದು 19 ಮಿಲಿಮೀಟರಿಗೆ ತುಸು ಹೆಚ್ಚಾಗಬೇಕು. ಆದರೆ ಆ ಪ್ರಮಾಣದ ಭಾರತೀಯ ಎಂಜಿನ್ನುಗಳು ಸಾಮಾನ್ಯವಾಗಿ ಓಡುವುದು ಪರದೇಶದ 1435ರ ಗೇಜಿಗೆ ಹೊಂದಿಸಿದ 16.5 ಮಿಲಿಮೀಟರಿನ ಹಳಿಯ ಮೇಲೆ! ಬೇರೆ ಹಳಿ, ಬೇರೆ ಚಕ್ರ ಮಾಡಿಸುವಷ್ಟು ಗಿರಾಕಿಗಳಿಲ್ಲ. ಉಕ್ಕಿನ ಅಚ್ಚಿನ ವೆಚ್ಚ ನೂರು ಎಂಜಿನ್ನಿಗೂ ಸಾವಿರ ಎಂಜಿನ್ನಿಗೂ ಒಂದೇ. ಕೊಳ್ಳುವವರು ನೂರೇ ಮಂದಿಯಾದರೆ ಹೊರೆಯೆಲ್ಲ ಅವರ ತಲೆಯ ಮೇಲೆ. ಆದುದರಿಂದಲೇ ಕೆಲವು ತಯಾರಕರು ಮುಂಗಡ ಬೇಡಿಕೆ ಕೂಡಿದ ಮೇಲಷ್ಟೇ ಕೆಲಸಕ್ಕೆ ಕೈಹಚ್ಚುವರು. ಧಾರವಾಡದ ಕೇಳುಗರಿಗೆ ಈ ಉಪಾಯ ಹೊಸದಲ್ಲ: 1933ರಲ್ಲಿ ಹುಟ್ಟಿದ ಮನೋಹರ ಗ್ರಂಥಮಾಲೆಯೂ ಚಂದಾದಾರರನ್ನು ನೆಚ್ಚಿಯೇ ಬೆಳೆಯಿತು. ಪುಸ್ತಕವಾದರೋ ಹತ್ತು ಕೈ ದಾಟೀತು. ಎಂಜಿನ್ನನ್ನು ಕೊಂಡ ಪುಣ್ಯಾತ್ಮ ಗಾಜಿನ ಕಪಾಟಿನಿಂದ ಹೊರಗೆ ಬಿಡಲೊಲ್ಲ.