ಊರಿನ ಹೆಸರು ಯಾರ ಸೊತ್ತು?



ಮದ್ದೂರು ಎಂದೊಡನೆ ವಡೆ ನೆನಪಾಗುತ್ತದೆ; ಮಳವಳ್ಳಿ ತಾಲ್ಲೂಕಿನ ಬಂಡೂರು ಎಂದೊಡನೆ ಕುರಿ; ಮಂಡ್ಯ ಎಂದೊಡನೆ ಬೆಲ್ಲ. ಊರಿನ ಹೆಸರೇ ರುಚಿಗೆ ಸಾಕ್ಷಿಯಾಗಿ ನಿಲ್ಲುವುದು ಸಾಮಾನ್ಯ ಸಂಗತಿಯಲ್ಲ. ಆದರೆ ಆ ಹೆಸರಿನ ಲಾಭ ಯಾರಿಗೆ ಸಲ್ಲುತ್ತಿದೆ? ಒಲೆಯ ಮುಂದೆ ಬೇಯುವವರಿಗೋ, ಊರಿನ ಹೆಸರನ್ನು ಫಲಕದ ಮೇಲೆ ಬರೆಸಿಕೊಂಡವರಿಗೋ?

ಮಾಂಸವನ್ನು ಕೆಂಡದಲ್ಲಿ ಸುಟ್ಟು ತಿನ್ನುವ ರೂಢಿ ಕನ್ನಡ ನಾಡಿಗೆ ಹೊಸದಲ್ಲ. 12ನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ರಚಿಸಿದ ‘ಮಾನಸೋಲ್ಲಾಸ’ ಎಂಬ ಸಂಸ್ಕೃತ ಗ್ರಂಥದಲ್ಲಿ, ಮಾಂಸದ ತುಂಡುಗಳನ್ನು ಕಡ್ಡಿಗೆ ಚುಚ್ಚಿ ಸುಡುವ ‘ಭಡಿತ್ರಕ’ದ ವಿವರವಿದೆ. ಅದು ಅರಮನೆಯ ಊಟ. ಇಂದು ಅದೇ ಕೆಂಡ ಸಂತೆಬೀದಿಗೆ ಬಂದಿದೆ. ಸಂಜೆಯಾದರೆ ಕಬಾಬಿನ ಗಾಡಿಗಳು ಹೊತ್ತಿಕೊಳ್ಳುತ್ತವೆ. ಮಾಂಸದಂಗಡಿಯ ಪಕ್ಕದಲ್ಲಿ ಕುರಿಯ ತಲೆ, ಕಾಲು ಸುಟ್ಟು ಕೊಡುವವರಿದ್ದಾರೆ. ಇವರೆಲ್ಲರ ಬಂಡವಾಳ ಚಿಕ್ಕದು, ಸಾಲದ ಬಡ್ಡಿ ದೊಡ್ಡದು.

ಇಂಥವರಿಗೆ ರಸ್ತೆಯೇ ಅನ್ನದಾತ. ಹಿಂದೆ ಆ ಪಾತ್ರ ರೈಲಿನದಾಗಿತ್ತು. ಬೆಂಗಳೂರು–ಮೈಸೂರು ರೈಲುಮಾರ್ಗ 1881–82ರಲ್ಲಿ ಹಂತಹಂತವಾಗಿ ಪೂರ್ಣಗೊಂಡಿತು. 1917ರಲ್ಲಿ ಮದ್ದೂರು ನಿಲ್ದಾಣದಲ್ಲಿ ತಿಂಡಿ ಮಾರುತ್ತಿದ್ದ ರಾಮಚಂದ್ರ ಬುಧ್ಯ ಎಂಬುವರು, ಅವಸರದಲ್ಲಿ ಹಿಟ್ಟನ್ನು ತಟ್ಟಿ ಕರಿದದ್ದೇ ಮದ್ದೂರು ವಡೆಯಾಯಿತು ಎಂಬುದು ಪ್ರಚಲಿತ ಕಥೆ. ಅಕ್ಕಿಹಿಟ್ಟು, ಚಿರೋಟಿ ರವೆ, ಮೈದಾ, ಈರುಳ್ಳಿ, ಕರಿಬೇವು ಸೇರಿದ ಈ ವಡೆಗೆ ಉದ್ದು ನೆನೆಸಿ ರುಬ್ಬುವ ಗೋಜಿಲ್ಲ. ಬೇಗ ಕೆಡುವುದೂ ಇಲ್ಲ. ಪ್ರಯಾಣಿಕರ ಕೈಚೀಲಕ್ಕೆ ಹೇಳಿ ಮಾಡಿಸಿದ ತಿನಿಸು. ರೈಲಿನಿಂದ ಬಸ್ಸಿಗೆ, ಬಸ್ಸಿನಿಂದ ಕಾರಿಗೆ ಗಿರಾಕಿಗಳು ಬದಲಾದರೂ, ಎಲ್ಲರೂ ಊರಿನೊಳಗಿನಿಂದಲೇ ಹಾದುಹೋಗುತ್ತಿದ್ದರು.

2023ರ ಮಾರ್ಚ್ 12ರಂದು ಬೆಂಗಳೂರು–ಮೈಸೂರು ಹೊಸ ಹೆದ್ದಾರಿ ಉದ್ಘಾಟನೆಯಾಯಿತು. ಮದ್ದೂರು, ಮಂಡ್ಯ ಎರಡೂ ಪಕ್ಕಕ್ಕೆ ಸರಿದವು. ಪ್ರಯಾಣದ ಹೊತ್ತು ಉಳಿಯಿತು ನಿಜ. ಹಳೆಯ ರಸ್ತೆಯ ಹೋಟೆಲುಗಳಿಗೆ, ತಳ್ಳುಗಾಡಿಗಳಿಗೆ ಮಾತ್ರ ಪೆಟ್ಟು ಬಿತ್ತು. ಗಿರಾಕಿ ತಾನಾಗಿ ಬರುವ ಕಾಲ ಮುಗಿದು, ಅವನನ್ನು ಕರೆದು ತರಬೇಕಾದ ಕಾಲ ಬಂದಿದೆ. ಹೆದ್ದಾರಿಯಿಂದ ಇಳಿಯುವ ಕಡೆ ಒಂದು ಫಲಕ ಹಾಕಿಸುವುದೂ ಒಂಟಿ ಗಾಡಿಯವನ ಶಕ್ತಿಗೆ ಮೀರಿದ ಕೆಲಸ.

ಬಂಡೂರು ಕುರಿಯ ಕಥೆ ಇನ್ನೂ ಸೂಕ್ಷ್ಮ. ಗಿಡ್ಡ ಕಾಲು, ಪೀಪಾಯಿಯಂಥ ಮೈ, ಹಿಂದಿನಿಂದ ನೋಡಿದರೆ ತಲೆಕೆಳಗಾದ ‘ಯು’ ಅಕ್ಷರದ ಆಕಾರ — ಇವು ಆ ತಳಿಯ ಗುರುತು. ಮಾಂಸದ ಎಳೆಗಳ ನಡುವೆಯೇ ಕೊಬ್ಬು ಹರಡಿಕೊಂಡಿರುವುದರಿಂದ ಕೆಂಡದ ಮೇಲೂ ತುಂಡು ಒಣಗದೆ ಮೃದುವಾಗಿರುತ್ತದೆ. ಆದರೆ ಗಾತ್ರ ಚಿಕ್ಕದು, ಅಪ್ಪಟ ತಳಿ ವಿರಳ, ಬೆಲೆ ಹೆಚ್ಚು. ಹೀಗಾಗಿ ಬೇರೆ ಕುರಿಗೂ ಇದೇ ಹೆಸರು ಹಚ್ಚುವ ಆಸೆ ಹುಟ್ಟುತ್ತದೆ. ತಟ್ಟೆಗೆ ಬಂದ ತುಂಡನ್ನು ನೋಡಿ ತಳಿ ಹೇಳಬಲ್ಲ ಗಿರಾಕಿ ಯಾರಿದ್ದಾರೆ? ಮೋಸ ನಡೆದಾಗ ಗಿರಾಕಿಯ ಜತೆಗೆ, ಅಪ್ಪಟ ತಳಿ ಸಾಕಿದ ಕುರಿಗಾಹಿಯೂ, ಪ್ರಾಮಾಣಿಕವಾಗಿ ಮಾರಿದ ವ್ಯಾಪಾರಿಯೂ ಸೋಲುತ್ತಾರೆ. ತಕ್ಕ ಬೆಲೆ ಸಿಗದಿದ್ದರೆ ತಳಿಯೂ ಉಳಿಯದು.

ಇದಕ್ಕೆ ಮದ್ದು ಕೂಡುವಿಕೆ. ಹತ್ತಾರು ವ್ಯಾಪಾರಿಗಳು ಸೇರಿದರೆ ಕುರಿಗಾಹಿಯಿಂದಲೇ ನೇರವಾಗಿ ಕೊಳ್ಳಬಹುದು. ಪ್ರತಿ ಕುರಿಯ ಕಿವಿಗೆ ಬಿಲ್ಲೆ ಹಾಕಿ ಲೆಕ್ಕವಿಡಬಹುದು. ಒಬ್ಬನು ತೊಡೆಯ ಮಾಂಸ ಸುಟ್ಟರೆ, ಇನ್ನೊಬ್ಬನು ತಲೆ, ಕಾಲು, ಮತ್ತೊಬ್ಬನು ಬೋಟಿ ಮಾಡಿಯಾನು; ಯಾವುದೂ ಹಾಳಾಗದು. ಇದ್ದಿಲು, ಎಣ್ಣೆ, ಮಸಾಲೆ ಸಗಟು ದರದಲ್ಲಿ ಸಿಕ್ಕಾವು. ಶೈತ್ಯಪೆಟ್ಟಿಗೆಯ ಖರ್ಚೂ ಹಂಚಿಹೋಗುತ್ತದೆ.

ಇದು ಬರಿಯ ಕನಸಲ್ಲ. ಕಾಫಿ ಮಂಡಳಿ ತನ್ನ ಕಾಫಿ ಹೌಸುಗಳನ್ನು ಮುಚ್ಚಲು ಹೊರಟಾಗ ಕೆಲಸ ಕಳೆದುಕೊಂಡ ನೌಕರರು 1957ರ ಆಗಸ್ಟ್ 19ರಂದು ಬೆಂಗಳೂರಿನಲ್ಲಿ ಸಹಕಾರ ಸಂಘ ಕಟ್ಟಿಕೊಂಡರು. ಬಡಿಸುವವರೇ ಒಡೆಯರಾದರು. ಅಷ್ಟು ದೂರವೇಕೆ? ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯ ಡೇರಿಗೆ ಹಳ್ಳಿಹಳ್ಳಿಯಿಂದ ಹಾಲು ಹೋಗುತ್ತದೆ. ಒಂದೆರಡು ಹಸು ಸಾಕಿದವರ ಹಾಲು ಒಂದೇ ಹೆಸರಿನಲ್ಲಿ ಮಾರಾಟವಾಗುವುದು ಸಾಧ್ಯವಾದದ್ದು, ಸಂಘದ ಬಾಗಿಲಲ್ಲೇ ಅದನ್ನು ಅಳೆದು, ಪರೀಕ್ಷಿಸಿ ಕೊಳ್ಳುವ ಶಿಸ್ತಿನಿಂದ.

ಕಾನೂನೂ ಕೂಡಿದವರ ಕಡೆಗಿದೆ. 1999ರಲ್ಲಿ ಅಂಗೀಕಾರವಾಗಿ 2003ರಲ್ಲಿ ಜಾರಿಗೆ ಬಂದ ಭೌಗೋಳಿಕ ಸೂಚಕಗಳ ಕಾಯ್ದೆಯಡಿ ಧಾರವಾಡ ಪೇಡ, ನಂಜನಗೂಡು ರಸಬಾಳೆಗಳಿಗೆ ಮನ್ನಣೆ ಸಿಕ್ಕಿದೆ. ಈ ಮನ್ನಣೆಗೆ ಒಬ್ಬ ವ್ಯಾಪಾರಿ ತನ್ನೊಬ್ಬನಿಗಾಗಿ ಅರ್ಜಿ ಹಾಕುವಂತಿಲ್ಲ. ಉತ್ಪಾದಕರ ಸಂಘವೋ, ಅವರನ್ನು ಪ್ರತಿನಿಧಿಸುವ ಸಂಸ್ಥೆಯೋ ಹಾಕಬೇಕು. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯೂ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇಕಡ 40ಕ್ಕೆ ಕಡಿಮೆಯಿಲ್ಲದಷ್ಟು ಸ್ಥಾನಗಳನ್ನು ವ್ಯಾಪಾರಿಗಳಿಗೇ ಮೀಸಲಿಟ್ಟಿದೆ. ಸಂಘಟಿತರಲ್ಲದವರಿಗೆ ಆ ಕುರ್ಚಿಗಳು ದಕ್ಕುವುದು ಕಷ್ಟ.

ಹಾಗೆಂದು ಕೂಡುವುದು ಸುಲಭವಲ್ಲ. ಎದುರಂಗಡಿಯವನೇ ಪ್ರತಿಸ್ಪರ್ಧಿ. ಮಸಾಲೆಯ ಗುಟ್ಟು ಬಿಟ್ಟುಕೊಡಲು ಯಾರೂ ಒಪ್ಪರು, ಬಿಟ್ಟುಕೊಡಬೇಕಾಗಿಯೂ ಇಲ್ಲ. ಕುರಿ, ಇದ್ದಿಲು, ಫಲಕ, ಲೆಕ್ಕಪುಸ್ತಕ ಒಂದಾದರೆ ಸಾಕು. ರುಚಿ ಅವರವರ ಕೈಯಲ್ಲೇ ಇರಲಿ. ಲೆಕ್ಕಪುಸ್ತಕ ಎಲ್ಲ ಸದಸ್ಯರ ಕಣ್ಣಿಗೆ ಬೀಳುವಂತಿರಬೇಕು. ಹೆಸರು ಕೆಡಿಸಿದವನು ಅಧ್ಯಕ್ಷನ ನೆಂಟನಾದರೂ ಹೊರಹಾಕುವ ಧೈರ್ಯವಿರಬೇಕು. ಈ ಎರಡು ಇಲ್ಲದ ಸಂಘ ಫಲಕಕ್ಕಷ್ಟೇ ಉಳಿಯುತ್ತದೆ.

ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ ಎಂಬ ಗಾದೆ ಮಂಡ್ಯದ ರೈತನಿಗೆ ಹೊಸದಾಗಿ ಹೇಳಿಕೊಡಬೇಕಾದದ್ದಲ್ಲ. ಅದು ಕಬಾಬಿನ ಗಾಡಿಗೂ, ವಡೆಯ ಬುಟ್ಟಿಗೂ ಅನ್ವಯವಾಗಬೇಕಾದ ಹೊತ್ತು ಈಗ ಬಂದಿದೆ.