ಥೈರಾಯ್ಡ್ ಕುಂದಿದರೆ ರಕ್ತದಾಗ ಕೊಬ್ಬು ಏರ್ತದ

(ಸಂಘದ ಬೆಳ್ಳಿ ಹಬ್ಬದ ಆರೋಗ್ಯ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಇಪ್ಪತ್ತೈದು ವರ್ಷ ಈ ಸಂಘ ಬೀಜ, ಗೊಬ್ಬರ, ಸಾಲದ ಲೆಕ್ಕ ನೋಡಿಕೊಂಡು ಬಂದಿದೆ. ಈ ಶುಭ ಸಂದರ್ಭದಲ್ಲಿ ಮೈಯೊಳಗಿನ ಒಂದು ಲೆಕ್ಕವನ್ನು ತಮ್ಮ ಮುಂದೆ ಇಡಲು ನಾವು ಬಂದಿದ್ದೇವೆ.

ಸೇಡಂ, ಚಿತ್ತಾಪುರ, ಚಿಂಚೋಳಿಯ ತೊಗರಿ ಹೊಲದಾಗ ದುಡಿಯುವ ಹೆಣ್ಣುಮಕ್ಕಳಿರಲಿ, ವಾಡಿಯ ಸಿಮೆಂಟ್ ಕಾರ್ಮಿಕರ ಮನೆಯವರಿರಲಿ, ಶಹಾಬಾದದ ಕಲ್ಲು ಗಣಿಯವರಿರಲಿ, ಒಂದು ದೂರು ಎಲ್ಲರಿಗೂ ಗೊತ್ತು: "ಕೈಕಾಲಾಗ ಶಕ್ತಿ ಇಲ್ರಿ, ಮೈ ಭಾರ ಆಗೇದ." ಮನೆಯವರು ಏನಂತಾರ? ಹಿರಿಯಳಾದರೆ "ವಯಸ್ಸಾಯ್ತು", ಸೊಸೆಯಾದರೆ "ಮೈಗಳ್ಳಿ". ಆದರೆ ದಣಿವಿನ ಜೊತೆಗೆ ಚರ್ಮ ಒಣಗುವುದು, ಕೂದಲು ಉದುರುವುದು, ಮಲಬದ್ಧತೆ, ಚಳಿ ತಡೆಯದಿರುವುದು, ಮುಖ ಊದುವುದು, ಮುಟ್ಟಿನಲ್ಲಿ ಹೆಚ್ಚು ರಕ್ತ ಹೋಗುವುದು ಇದ್ದರೆ, ಅದು ಕೊರಳಿನ ಥೈರಾಯ್ಡ್ ಗ್ರಂಥಿ ಕುಂದಿದ ಲಕ್ಷಣ ಇರಬಹುದು. ಭಾರತದ ಎಂಟು ನಗರಗಳ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ಅದರಲ್ಲಿ ವಯಸ್ಕರ ಪೈಕಿ ನೂರಕ್ಕೆ ಸುಮಾರು 11 ಮಂದಿಗೆ ಈ ತೊಂದರೆ ಕಂಡಿತು. ಗಂಡಸರಿಗಿಂತ ಹೆಂಗಸರಲ್ಲೇ ಹೆಚ್ಚು.

ಇದಕ್ಕೂ ಹೃದಯಕ್ಕೂ ಏನು ಸಂಬಂಧ? ಅಡತಿಯ ಗೋದಾಮು ನೆನೆಸಿಕೊಳ್ಳಿರಿ. ಗಾಡಿಯ ಮೇಲೆ ಮೂಟೆ ಬರ್ತಾವ, ಬಾಗಿಲಲ್ಲಿ ಹಮಾಲರು ಇಳಿಸಿಕೊಳ್ತಾರ. ನಮ್ಮ ಪಿತ್ತಜನಕಾಂಗವೇ ಆ ಗೋದಾಮು. ರಕ್ತದಾಗ ಕೊಬ್ಬು ಹೊತ್ತು ತಿರುಗುವ ಎಲ್‌ಡಿಎಲ್ ಎಂಬುದೇ ಗಾಡಿ. ಬಾಗಿಲಲ್ಲಿ ಎಷ್ಟು ಹಮಾಲರು ಇರಬೇಕೆಂಬುದರಲ್ಲಿ ಥೈರಾಯ್ಡ್ ರಸದ ಮಾತು ನಡೀತದ. ರಸ ಕಡಿಮೆಯಾದರೆ ಹಮಾಲರು ಕಡಿಮೆ, ಮೂಟೆ ರಸ್ತೆಯಲ್ಲೇ ಉಳೀತಾವ. ಅಂದರೆ ಎಲ್‌ಡಿಎಲ್ ರಕ್ತದಲ್ಲಿ ಏರಿ, ವರ್ಷಗಟ್ಟಲೆ ರಕ್ತನಾಳದ ಗೋಡೆಗೆ ಕೂಡ್ತದ. ಟ್ರೈಗ್ಲಿಸರೈಡ್ ಕೂಡ ಏರಬಹುದು, ರಕ್ತದೊತ್ತಡದ ಕೆಳಗಿನ ಅಂಕಿಯೂ ಏರಬಹುದು. ಆದ್ದರಿಂದ ಕೊಬ್ಬು ಏರಿದವರೆಲ್ಲ ತುಪ್ಪ, ಮಿರ್ಚಿ ಭಜಿ ತಿಂದೇ ಏರಿಸಿಕೊಂಡರು ಅನ್ನಲಾಗದು. ರೊಟ್ಟಿ, ಪಲ್ಯ ಉಂಡವರಿಗೂ ಏರ್ತದ.

ಇಲ್ಲೊಂದು ತಪ್ಪು ತಿಳಿವಳಿಕೆ ಇದೆ. ಟಿಎಸ್‌ಎಚ್ ಹೆಚ್ಚು ಬಂದರೆ "ಥೈರಾಯ್ಡ್ ಹೆಚ್ಚಾಗೇದ" ಅಂತಾರ. ಸಾಮಾನ್ಯವಾಗಿ ಅರ್ಥ ಉಲ್ಟಾ ರೀ. ಟಿಎಸ್‌ಎಚ್ ಮೆದುಳಿನ ಕಡೆಯಿಂದ ಬರುವ ಬಾರುಕೋಲು. ಎತ್ತು ನಿಧಾನ ಆದಷ್ಟೂ ಬಾರುಕೋಲು ಜೋರಾಗ್ತದ. ಐವತ್ತೈದು ಸಾವಿರಕ್ಕೂ ಹೆಚ್ಚು ಜನರ ಮಾಹಿತಿ ಒಟ್ಟುಗೂಡಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಟಿಎಸ್‌ಎಚ್ 10 ದಾಟಿದವರಿಗೆ ಹೃದಯಾಘಾತದಂತಹ ತೊಂದರೆಯ ಸಂಭವ ಉಳಿದವರಿಗಿಂತ ಎರಡು ಪಟ್ಟಿನ ಸಮೀಪ ಕಂಡಿತು. ತುಸುವೇ ಏರಿದವರೆಲ್ಲರಿಗೆ ಗುಳಿಗಿ ಬೇಕೆಂದಿಲ್ಲ. ವಿಶೇಷವಾಗಿ 65 ದಾಟಿದವರಿಗೆ ವೈದ್ಯರು ನೋಡಿ ತೀರ್ಮಾನಿಸಬೇಕು.

ಹಾಗಾದರೆ ನಾವು ಮಾಡಬೇಕಾದದ್ದೇನು?

ಕೊಲೆಸ್ಟೆರಾಲ್ ಹೆಚ್ಚು ಬಂದರೆ, ಜೀವಮಾನದ ಗುಳಿಗಿ ಶುರು ಮಾಡುವ ಮುಂಚೆ "ಥೈರಾಯ್ಡ್ ನೋಡಿಸೋಣೇನ್ರಿ?" ಎಂದು ವೈದ್ಯರನ್ನು ಕೇಳಬೇಕು. ಥೈರಾಯ್ಡ್ ಸರಿಹೋದರೆ ಎಷ್ಟೋ ಸಲ ಕೊಬ್ಬೂ ಇಳೀತದ. ಥೈರಾಯ್ಡ್ ಕುಂದಿದ್ದು ತಿಳಿಯದೆ ಸ್ಟ್ಯಾಟಿನ್ ಗುಳಿಗಿ ತಿಂದರೆ ಸ್ನಾಯು ನೋವಿನ ಸಂಭವ ಹೆಚ್ಚು. ಆದರೆ ಈಗಾಗಲೇ ಹೃದಯರೋಗ, ಸಕ್ಕರೆ ಕಾಯಿಲೆ ಇದ್ದು ಆ ಗುಳಿಗಿ ನಡೆಸುತ್ತಿರುವವರು ತಾವಾಗಿಯೇ ನಿಲ್ಲಿಸಬಾರದು.

ಥೈರಾಯ್ಡ್ ಗುಳಿಗಿಯನ್ನು ಮುಂಜಾನೆ ಬರಿಹೊಟ್ಟೆಯಲ್ಲಿ ನೀರಿನ ಜೊತೆ ನುಂಗಬೇಕು. ಚಹಾ, ನಾಷ್ಟಾ ಅರ್ಧದಿಂದ ಒಂದು ತಾಸಿನ ಮೇಲೆ. ಕಬ್ಬಿಣ, ಕ್ಯಾಲ್ಸಿಯಂ ಗುಳಿಗಿ ನಾಲ್ಕು ತಾಸು ಬಿಟ್ಟು. ಆರರಿಂದ ಎಂಟು ವಾರಕ್ಕೆ ಮತ್ತೆ ರಕ್ತಪರೀಕ್ಷೆ. ವಯಸ್ಸಾದವರಿಗೆ, ಹೃದಯರೋಗಿಗಳಿಗೆ ಸಣ್ಣ ಪ್ರಮಾಣದಿಂದಲೇ ಶುರು ಮಾಡ್ತಾರ. ಹೆಚ್ಚಾದರೆ ಎದೆಬಡಿತ ಕೆಡ್ತದ, ಮೂಳೆ ಸವೀತದ. "ಈಗ ಆರಾಮ ಅದ" ಎಂದು ಬಿಡುವುದು ಬ್ಯಾಡ. ಆರಾಮ ಆಗಿದ್ದೇ ಗುಳಿಗಿಯಿಂದ. ಗರ್ಭಿಣಿಯರಂತೂ ವೈದ್ಯರನ್ನು ಕೇಳದೆ ಒಂದು ದಿನವೂ ಬಿಡಬಾರದು.

ಇದರ ಜೊತೆಗೆ ಬೀಡಿ, ತಂಬಾಕು ಬಿಡಬೇಕು. ಡಾಲ್ಡಾ, ಮತ್ತೆ ಮತ್ತೆ ಕಾಯಿಸಿದ ಎಣ್ಣೆ ದೂರ ಇಡಬೇಕು. ಎದೆ ಹಿಂಡಿ ಬೆವರು ಬಂದರೆ "ವಾಯು" ಎಂದು ಸೋಡಾ ಕುಡಿದು ಕೂಡದೆ ಕೂಡಲೇ ತಾಲೂಕು ಆಸ್ಪತ್ರೆಗೆ ಹೋಗಿ ಇಸಿಜಿ ತೆಗೆಸಬೇಕು. ಮುಂದಿನ ಚಿಕಿತ್ಸೆಗೆ ಕಲಬುರಗಿಯಲ್ಲೇ ಈಗ ಜಯದೇವ ಹೃದ್ರೋಗ ಆಸ್ಪತ್ರೆ ಇದೆ. ಬೆಂಗಳೂರು, ಹೈದರಾಬಾದ್ ದಾರಿ ಕಾಯಬೇಕಾಗಿಲ್ಲ.

ಸಾಲದ ಕಂತು ತಪ್ಪಿದರೆ ಸಂಘ ನೋಟೀಸು ಕಳಿಸ್ತದ. ರಕ್ತನಾಳ ನೋಟೀಸು ಕಳಿಸೋದಿಲ್ಲ, ಒಮ್ಮೆಲೇ ಜಪ್ತಿಗೆ ಬರ್ತದ. ಆದಕಾರಣ ಮನೆಯ ತಾಯಿ, ಸೊಸೆ "ದಣಿವಾಗ್ತದ" ಅಂದಾಗ ಬೈಯುವ ಮುಂಚೆ ಒಮ್ಮೆ ರಕ್ತ ಪರೀಕ್ಷೆ ಮಾಡಿಸಿರೆಂದು ಕೇಳಿಕೊಂಡು, ಸಂಘಕ್ಕೆ ಶುಭ ಕೋರಿ, ನಮ್ಮ ಮಾತು ಮುಗಿಸುತ್ತೇವೆ.