ಮಕ್ಕಳ ದೂರದರ್ಶನದಲ್ಲಿ ಸಾಹಸಕಥೆಗಳ ಅಭಾವ

(ಶಾಲೆಯ ವಾರ್ಷಿಕೋತ್ಸವದಲ್ಲಿ ಮುಖ್ಯಾಧ್ಯಾಪಕರು ಮಾಡಿದ ಭಾಷಣ)



ವರ್ಷದ ವರದಿಯನ್ನು ಕಾರ್ಯದರ್ಶಿಗಳು ಈಗಾಗಲೇ ಓದಿರುವದರಿಂದ ನಾವು ಅದನ್ನೇ ಮತ್ತೆ ಹೇಳಿ ನಿಮ್ಮನ್ನು ದಣಿಸುವದಿಲ್ಲ. ಇಂದು ನಾವು ಎತ್ತಿಕೊಂಡಿರುವ ವಿಷಯವು ಕೆಲವರಿಗೆ ಹಗುರವೆನಿಸಬಹುದು. ಅದು ಮಕ್ಕಳು ಮನೆಯಲ್ಲಿ ನೋಡುವ ಕಾರ್ಟೂನುಗಳ ವಿಷಯ. ಮುಖ್ಯಾಧ್ಯಾಪಕರು ಕಾರ್ಟೂನಿನ ಮಾತೆತ್ತಿದರೆ "ನೋಡಬೇಡಿರಿ" ಎಂದೇ ಹೇಳುವರೆಂದು ಮುಂದಿನ ಸಾಲಿನ ಹುಡುಗರು ಆಗಲೇ ತಲೆ ತಗ್ಗಿಸಿದ್ದಾರೆ. ತಲೆ ಎತ್ತಿರಿ. ಕಾರ್ಟೂನುಗಳು ಹೆಚ್ಚಾದವೆಂಬುದು ನಮ್ಮ ದೂರಲ್ಲ; ಸಾಹಸದವು, ಅದ್ಭುತದವು ಕಡಿಮೆಯಾದವು, ಕನ್ನಡದಲ್ಲಂತೂ ತೀರ ಕಡಿಮೆ ಎಂಬುದೇ ನಮ್ಮ ದೂರು.

ಬಿಡುವಿನ ವೇಳೆಯಲ್ಲಿ ಅಂಗಳದ ಆಟಗಳನ್ನು ನಾವು ಬಹುದಿನಗಳಿಂದ ಗಮನಿಸುತ್ತ ಬಂದಿದ್ದೇವೆ. ಆಟದ ನಿಯಮಕ್ಕಾಗಿ ನಡೆಯುವ ಜಗಳ ಕನ್ನಡದಲ್ಲಿ, ಎಣಿಕೆ ಕನ್ನಡದಲ್ಲಿ, ಬಿದ್ದು ಮೊಣಕಾಲು ಕೆತ್ತಿದಾಗ "ಯವ್ವಾ" ಎಂಬ ಕೂಗು ಕನ್ನಡವೇ. ಆದರೆ ಒಬ್ಬನು ವೀರನಾಗಿ, ಇನ್ನೊಬ್ಬನು ರಾಕ್ಷಸನಾಗಿ ಎದುರು ನಿಂತ ಕೂಡಲೇ ಇಬ್ಬರೂ ಹಿಂದಿಗೆ ತಿರುಗುತ್ತಾರೆ. ಸವಾಲು ಹಿಂದಿಯಲ್ಲಿ, ಮಂತ್ರ ಹಿಂದಿಯಲ್ಲಿ, ಜಯಘೋಷ ಹಿಂದಿಯಲ್ಲಿ. ಸೋತವನು ಅಳುವದು ಮಾತ್ರ ಕನ್ನಡದಲ್ಲಿ.

ಹಿಂದಿ, ಮರಾಠಿಗಳನ್ನು ನಾವು ಪರಕೀಯವೆಂದು ಎಣಿಸಿದವರಲ್ಲ. 1956ರಲ್ಲಿ ಹೈದರಾಬಾದ ಸಂಸ್ಥಾನ ಒಡೆದು ಹಂಚಿಹೋದಾಗ, ಅದುವರೆಗೆ ಬೀದರ ಜಿಲ್ಲೆಯಲ್ಲಿದ್ದ ನಿಲಂಗಾ, ಉದಗೀರಗಳು ಮುಂಬಯಿ ರಾಜ್ಯಕ್ಕೆ ಬಂದವು. ಉಮರ್ಗಾ ತಾಲೂಕೂ ಉಸ್ಮಾನಾಬಾದ ಜಿಲ್ಲೆಯೊಡನೆ ಇತ್ತ ಕಡೆಗೇ ಉಳಿಯಿತು. ಅಂದಿನಿಂದ ಸಂತೆಯಲ್ಲಿ ಒಂದು ಭಾಷೆ, ಕಚೇರಿಯಲ್ಲಿ ಇನ್ನೊಂದು, ಒಲೆಯ ಮುಂದೆ ಮತ್ತೊಂದು ಎಂಬುದು ನಮಗೆ ರೂಢಿ. ಅದು ಸಂಪತ್ತೇ ಸರಿ. ಆದರೆ ಅಡಿಗೆಗೆ, ಹೊಲಕ್ಕೆ, ಬೈಗುಳಕ್ಕೆ ಕನ್ನಡ, ಹಾರುವದಕ್ಕೂ ಗೆಲ್ಲುವದಕ್ಕೂ ಬೇರೆ ಭಾಷೆ ಎಂದು ಎಂಟು ವರ್ಷದ ಮಗುವಿನ ಮನಸ್ಸಿನಲ್ಲಿ ಒಮ್ಮೆ ನಿಂತರೆ, ಅದು ಹದಿನೈದಾಗುವ ಹೊತ್ತಿಗೆ ಕನ್ನಡ ಶಾಲೆ ಏಕೆ ಎಂದು ಕೇಳುವದು ಸಹಜ. ಪಾಲಕರು ಆ ಪ್ರಶ್ನೆಯನ್ನು ನಮಗೆ ಕೇಳುತ್ತಲೇ ಇದ್ದಾರೆ. ಅದರ ಬೇರಿನ ಒಂದು ಎಳೆ ಮನೆಯ ಟೀವಿಯಲ್ಲಿಯೂ ಇದೆ.

ಸಾಹಸದ ಚಿತ್ರಗಳು ಕಡಿಮೆಯಾದುದಕ್ಕೆ ಲೆಕ್ಕದ ಕಾರಣವಿದೆ. ಏಳನೆಯ ಇಯತ್ತೆಯವರು ಮನಸ್ಸಿನಲ್ಲಿಯೇ ಗುಣಾಕಾರ ಮಾಡಿರಿ. ಸಿನೇಮಾದ ಪದ್ಧತಿಯಂತೆ ಒಂದು ಸೆಕೆಂಡಿಗೆ 24 ಚಿತ್ರಗಳು ಕಣ್ಣ ಮುಂದೆ ಸರಿಯುತ್ತವೆ. 22 ನಿಮಿಷದ ಒಂದು ಕಂತಿಗೆ 31,680 ಚಿತ್ರಗಳಾದವು. ಒಂದೇ ಚಿತ್ರವನ್ನು ಎರಡೆರಡು ಸಲ ತೋರಿಸಿ ಉಳಿತಾಯ ಮಾಡಿದರೂ 15,840 ಬೇಕು. ಇಬ್ಬರು ಗೆಳೆಯರು ನಿಂತು ಹರಟುವ ಕಥೆಯಾದರೆ ತುಟಿಯನ್ನಷ್ಟೇ ಕದಲಿಸಿ ಸಾಗಿಸಬಹುದು. ಕುದುರೆ ಓಡಬೇಕು, ಕೋಟೆ ಕುಸಿಯಬೇಕು, ಹತ್ತು ಜನ ಏಕಕಾಲಕ್ಕೆ ಕತ್ತಿ ಬೀಸಬೇಕು ಎಂದರೆ ಪ್ರತಿಯೊಂದನ್ನೂ ಹೊಸದಾಗಿ ರಚಿಸಬೇಕು. ಕಂಪ್ಯೂಟರು ಬಂದು ಕೆಲಸ ಸುಲಭವಾಗಿದ್ದರೂ ಆ ಅಂತರ ಅಳಿದಿಲ್ಲ. ಮಕ್ಕಳ ವಾಹಿನಿಗೆ ಆದಾಯವೋ ಹೆಚ್ಚಾಗಿ ಜಾಹೀರಾತಿನದು. ಅಗ್ಗದ ನಗೆಯೂ ನೋಡುಗರನ್ನು ಹಿಡಿದಿಡುವದಾದರೆ ವ್ಯಾಪಾರಿಯಾದವನು ತುಟ್ಟಿಯ ಸಾಹಸವನ್ನು ಏಕೆ ಮಾಡಿಯಾನು?

ದೂರದರ್ಶನವು 1993ರಲ್ಲಿ ಜಪಾನಿನವರು ರಚಿಸಿದ 'ಜಂಗಲ್ ಬುಕ್' ತೋರಿಸಿತು. 1997ರಲ್ಲಿ 'ಶಕ್ತಿಮಾನ್' ಬಂದನು. ಅವೆರಡೂ ಹಿಂದಿಯಲ್ಲಿ. 2008ರಲ್ಲಿ ನಮ್ಮ ಭಾಗದ ಹೆದ್ದಾರಿಯ ಮೇಲಿರುವ ಹೈದರಾಬಾದಿನಲ್ಲಿಯೇ 'ಛೋಟಾ ಭೀಮ' ಹುಟ್ಟಿದನು. ಲಾಡು ತಿಂದು ಬಲ ಪಡೆಯುವ ಈ ಹುಡುಗನು ಊರನ್ನು ಕಾಯುತ್ತಾನೆಂಬ ಕಾರಣಕ್ಕೆ ನಮಗೆ ಅವನ ಮೇಲೆ ಆದರವಿದೆ. 2012ರ 'ಮೋಟು ಪತಲು'ವಿನಿಂದೀಚೆಗೆ ಗುದ್ದಾಟದ ಹಾಸ್ಯಕ್ಕೇ ಬೆಲೆ ಹೆಚ್ಚಿತು. ಸಾಹಸದ ಚಿತ್ರಗಳಿಗೆಂದೇ 2015ರಲ್ಲಿ ನಮ್ಮ ದೇಶದಲ್ಲಿ ಆರಂಭವಾದ 'ಟೂನಾಮಿ' ವಾಹಿನಿ 2018ರಲ್ಲಿ ಮುಚ್ಚಿಹೋಯಿತು.

ಕನ್ನಡದ ಮಾತಿಗೆ ಬರೋಣ. ಮಕ್ಕಳಿಗೆಂದೇ ಮೀಸಲಾದ 'ಚಿಂಟು' ವಾಹಿನಿ 2009ರಲ್ಲಿ ಪ್ರಾರಂಭವಾಯಿತು. ಹೊರಗಿನ ಚಿತ್ರಗಳನ್ನು ಕನ್ನಡಕ್ಕೆ ಡಬ್ ಮಾಡುವದಕ್ಕೆ ಮಾತ್ರ ಚಿತ್ರೋದ್ಯಮದಲ್ಲಿ 1960ರ ದಶಕದಿಂದಲೂ ಬಲವಾದ ವಿರೋಧವಿತ್ತು. ಕನ್ನಡ ಚಿತ್ರಗಳೇ ವಿರಳವಾಗಿದ್ದ ಆ ಕಾಲದಲ್ಲಿ ನಮ್ಮ ಕಲಾವಿದರಿಗೂ ಕೆಲಸಗಾರರಿಗೂ ಅನ್ನ ಉಳಿಯಲೆಂದು ಹುಟ್ಟಿದ ವಿರೋಧವದು; ಅದಕ್ಕೆ ಅರ್ಥವಿತ್ತು. ಆದರೆ ನಟರನ್ನು ಕಾಯಲು ಕಟ್ಟಿದ ಬೇಲಿಯ ಹೊರಗೆ ಮಕ್ಕಳೂ ಉಳಿದರು. 2015ರ ಜುಲೈಯಲ್ಲಿ ಭಾರತೀಯ ಸ್ಪರ್ಧಾ ಆಯೋಗವು ಇಂಥ ತಡೆ ಸಲ್ಲದೆಂದು ತೀರ್ಪಿತ್ತಿತು. 2020ರಲ್ಲಿ, ಎಲ್ಲರೂ ಮನೆಯಲ್ಲಿಯೇ ಉಳಿಯಬೇಕಾಗಿದ್ದ ದಿನಗಳಲ್ಲಿ, 'ಮಹಾಭಾರತ' ಧಾರಾವಾಹಿಯು ಕನ್ನಡ ಮಾತಿನೊಡನೆ ಬಂದಿತು.

ನೋಡುವವರಿಲ್ಲ ಎಂಬ ಮಾತನ್ನಂತೂ ನಾವು ಒಪ್ಪುವದಿಲ್ಲ. 2025ರ ಜುಲೈಯಲ್ಲಿ 'ಮಹಾವತಾರ ನರಸಿಂಹ' ಎಂಬ ಚಿತ್ರ ಬಿಡುಗಡೆಯಾಯಿತು. ಅದು ನಟರಿಲ್ಲದ, ಪೂರ್ತಿ ರಚಿಸಿದ ಚಿತ್ರ, ಅರ್ಪಿಸಿದವರು ಬೆಂಗಳೂರಿನ ಹೊಂಬಾಳೆ ಸಂಸ್ಥೆಯವರು, ಕನ್ನಡದಲ್ಲಿಯೂ ಬಂದಿತು, ದೇಶದ ಉದ್ದಗಲಕ್ಕೂ ಜನ ಮುಗಿಬಿದ್ದು ನೋಡಿದರು. ಅದೇ ವರ್ಷದ ಜನವರಿಯಲ್ಲಿ, ಜಪಾನಿನವರೂ ನಮ್ಮವರೂ ಕೂಡಿ ರಚಿಸಿದ ರಾಮಾಯಣದ ಚಿತ್ರವನ್ನು ಮತ್ತೆ ಹೊರತಂದಾಗ ಇಂಗ್ಲಿಷ, ಹಿಂದಿ, ತಮಿಳು, ತೆಲುಗುಗಳ ಸಾಲಿನಲ್ಲಿ ಕನ್ನಡ ಇರಲಿಲ್ಲ.

ಹೀಗಾಗಬೇಕಾದ ಬಡತನ ನಮ್ಮ ಭಾಷೆಗಿಲ್ಲ. ಇಂದು ಎಲ್ಲರೂ ಇಂಗ್ಲಿಷಿನಲ್ಲಿ ಬಲ್ಲ 'ಅಮರ ಚಿತ್ರ ಕಥಾ' ಮಾಲೆಯ ಮೊದಲ ಹತ್ತು ಸಂಖ್ಯೆಗಳು 1965ರ ಸುಮಾರಿಗೆ ಹೊರಬಂದುದು ಕನ್ನಡದಲ್ಲಿ. ಪಶ್ಚಿಮದ ಮಕ್ಕಳ ಕಥೆಗಳ ಅನುವಾದಗಳವು. ಇನ್ನು ಭೀಮನ ಮಾತು. ಮುಂದೆ ನಮ್ಮ ನೆರೆಯ ಕಲ್ಯಾಣದಿಂದ ಆಳಿದ ಚಾಲುಕ್ಯರ ಆಸ್ಥಾನದಲ್ಲಿ, ಸಾವಿರ ವರ್ಷಗಳ ಹಿಂದೆ, ಬಳೆಗಾರರ ಮನೆಯಲ್ಲಿ ಹುಟ್ಟಿದ ರನ್ನನು ಭೀಮನನ್ನೇ ನಾಯಕನನ್ನಾಗಿ ಮಾಡಿ 'ಗದಾಯುದ್ಧ'ವನ್ನು ಬರೆದನು. ಸರೋವರದ ತಳದಲ್ಲಿ ಅಡಗಿದ ದುರ್ಯೋಧನನು ಭೀಮನ ಗರ್ಜನೆಯನ್ನು ಕೇಳಿ ಸಿಟ್ಟಿನಿಂದ ಮೇಲೆದ್ದು ಬರುವ ಆ ಸಂದರ್ಭಕ್ಕಿಂತ ಮಿಗಿಲಾದ ದೃಶ್ಯವನ್ನು ಯಾವ ವಾಹಿನಿ ತೋರಿಸೀತು? ಢೋಲಕಪುರದ ಭೀಮನಿಗಿಂತ ನಮ್ಮ ಭೀಮನು ಹಿರಿಯನು. ಅವನಿಗೆ ಟೀವಿಯಲ್ಲಿ ಹೊತ್ತು ಸಿಕ್ಕಿಲ್ಲ, ಅಷ್ಟೆ.

ಹೊಡೆದಾಟ ನೋಡಿ ಹುಡುಗರು ಕೆಡುವರೆಂದು ಕೆಲವು ತಾಯಂದಿರು ನಮಗೆ ಹೇಳಿದ್ದಾರೆ. ಈ ಭಯವನ್ನು ನಾವು ತಳ್ಳಿಹಾಕುವದಿಲ್ಲ; ಶಕ್ತಿಮಾನನ ಕಾಲದಲ್ಲಿಯೂ ಇದೇ ಚರ್ಚೆ ನಡೆದಿತ್ತು. ಆದರೆ ನಮ್ಮ ಅಭಿಪ್ರಾಯದಲ್ಲಿ ಹೆಚ್ಚಿನ ಹಾನಿ ಹಾಸ್ಯದ ಗುದ್ದಾಟದಿಂದ. ಅಲ್ಲಿ ತಲೆಯ ಮೇಲೆ ಕಲ್ಲು ಬೀಳುತ್ತದೆ, ಬಿದ್ದವನು ಎದ್ದು ಕುಣಿಯುತ್ತಾನೆ, ನಾವು ನಗುತ್ತೇವೆ; ಏಟಿಗೆ ಕಾರಣವೂ ಇಲ್ಲ, ನೋವೂ ಇಲ್ಲ. ಒಳ್ಳೆಯ ಸಾಹಸಕಥೆಯಲ್ಲಿ ವೀರನು ಹೆದರುತ್ತಾನೆ, ಗಾಯಗೊಳ್ಳುತ್ತಾನೆ, ಯಾರಿಗಾಗಿ ಹೋರಾಡುತ್ತಿರುವೆನೆಂದು ಬಲ್ಲನು.

ಇನ್ನು ಮನೆಯಲ್ಲಿ ಆಗಬೇಕಾದುದು. ಬೇಕಾದ ವಾಹಿನಿಯನ್ನು ಬಿಡಿಯಾಗಿ ಆರಿಸಿಕೊಳ್ಳುವ ಹಕ್ಕು 2019ರ ಫೆಬ್ರುವರಿಯಿಂದ ನಿಮಗಿದೆ. ಮಹಾರಾಷ್ಟ್ರದಲ್ಲಿದ್ದೇವೆಂದು ಕೇಬಲಿನವನು ಕೊಟ್ಟುದನ್ನೇ ನೋಡಬೇಕಾಗಿಲ್ಲ. ಕನ್ನಡದ ಮಕ್ಕಳ ವಾಹಿನಿಯನ್ನು ಹೆಸರು ಹೇಳಿ ಕೇಳಿರಿ. ನಿಕ್ ಮುಂತಾದ ಕೆಲವು ವಾಹಿನಿಗಳಲ್ಲಿ ಕನ್ನಡ ಧ್ವನಿಯೂ ಉಂಟು; ರಿಮೋಟಿನಲ್ಲಿ ಭಾಷೆ ಬದಲಿಸುವ ಗುಂಡಿಯನ್ನು ಒತ್ತಿ ನೋಡಿರಿ. ಎಲ್ಲಿದೆಯೆಂದು ತಿಳಿಯದಿದ್ದರೆ ಮಕ್ಕಳನ್ನೇ ಕೇಳಿರಿ, ಅವರು ಬಲ್ಲರು.

ಶಾಲೆಯಲ್ಲಿಯೂ ಒಂದು ಕೆಲಸಕ್ಕೆ ಕೈಹಚ್ಚಿದ್ದೇವೆ. ಪ್ರತಿ ಶನಿವಾರ ಕೊನೆಯ ತಾಸಿನಲ್ಲಿ ಏಳನೆಯ ಇಯತ್ತೆಯವರು ಗದಾಯುದ್ಧದ ಕಥೆಯನ್ನು ದೊಡ್ಡ ಹಾಳೆಗಳ ಮೇಲೆ ಚಿತ್ರಿಸಿ, ಒಂದೊಂದನ್ನೇ ಎತ್ತಿ ತೋರಿಸುತ್ತ, ಚಿಕ್ಕವರಿಗೆ ಕನ್ನಡದಲ್ಲಿ ಹೇಳುತ್ತಾರೆ. ಭೀಮನ ಮಾತಿಗೆ ಧ್ವನಿ ಸಾಲದೆಂದು ಚಿಕ್ಕವರ ತಕರಾರಿದೆ. ಊರಲ್ಲಿ ದೊಡ್ಡಾಟದ ವೇಷ ಕಟ್ಟಿದ ಹಿರಿಯರು ಯಾರಾದರೂ ಇದ್ದರೆ ಒಂದು ಶನಿವಾರ ಬಂದು ಹುಡುಗರಿಗೆ ಗರ್ಜಿಸುವದನ್ನು ಕಲಿಸಿಕೊಡಬೇಕೆಂದು ವಿನಂತಿ. ಸದ್ಯ ದುರ್ಯೋಧನನು ನೀರಿನೊಳಗಿದ್ದಾನೆ. ಮುಂದಿನ ಕಂತು ರಜೆ ಮುಗಿದ ಮೊದಲನೆಯ ಶನಿವಾರ. ಪ್ರತಿಯೊಬ್ಬರೂ ಒಂದು ಬಿಳಿಯ ಹಾಳೆಯನ್ನೂ ನೀಲಿ ಬಣ್ಣವನ್ನೂ ತರತಕ್ಕದ್ದು, ಸರೋವರ ಇನ್ನೂ ಅರ್ಧ ಉಳಿದಿದೆ.